ಹನ್ನೆರಡು ಸಿಪಾಯಿಗಳ ಅಂಗಿ

"ಬುದ್ಧೀ, 'ಕ್ಷಮಿಸು' ಎಂದು ಬರೆಯಲೇ, 'ಮನ್ನಿಸು' ಎಂದು ಬರೆಯಲೇ?" ಎಂದು ಶಿಷ್ಯ ಗುರುಮಲ್ಲ ಕೇಳಿದ.

ಗುರುಗಳು ಆಗಷ್ಟೇ ಪೂಜೆ ಮುಗಿಸಿ ಮಠದ ಜಗಲಿಗೆ ಬಂದು ಕುಳಿತಿದ್ದರು. ಶಿಷ್ಯನ ಕೈಯಲ್ಲಿದ್ದ ಕಾಗದವನ್ನು ಕಂಡದ್ದೇ ಅವರ ಹುಬ್ಬು ಗಂಟಿಕ್ಕಿತು. ಅದು ಅವನು ತನ್ನ ಅಕ್ಕನಿಗೆ ಬರೆಯುತ್ತಿದ್ದ ಕಾಗದ. ತಾಯಿ ಸತ್ತಾಗ ಅವನು ತೊಟ್ಟಿಲಿನಲ್ಲಿದ್ದ. ಹತ್ತು ವರ್ಷದ ಅಕ್ಕ ಕಂಡವರ ಹೊಲದಲ್ಲಿ ಕಳೆ ಕಿತ್ತು ಅವನನ್ನು ಸಾಕಿದಳು, ಶಾಲೆಗೆ ಕಳಿಸಿದಳು. ನಾಲ್ಕು ವರ್ಷಗಳ ಹಿಂದೆ ಯಾವುದೋ ಒಂದು ಮಾತಿಗೆ ಸಿಟ್ಟಾಗಿ ಅವನು ಅವಳ ಮನೆಯ ಊಟದ ಎಲೆಯ ಮುಂದಿನಿಂದ ಎದ್ದು ಬಂದಿದ್ದ. ತಪ್ಪು ತನ್ನದೆಂದು ಅವನಿಗೆ ಬೇಗನೆ ಗೊತ್ತಾಯಿತು. ಅಂದಿನಿಂದ ಕಾಗದ ತಿದ್ದುತ್ತಲೇ ಇದ್ದ.

"ಇದು ಎಷ್ಟನೆಯ ಸಲವಯ್ಯಾ?"

"ಹದಿನಾಲ್ಕನೆಯದು, ಬುದ್ಧಿ. ಹಿಂದಿನದರಲ್ಲಿ ಒಂದು ವಾಕ್ಯ ಕೊಂಚ ಒರಟಾಗಿತ್ತು."

"ಶಿವ ಶಿವಾ! ನಿನಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಕೂತುಕೋ. ಆ ಕಾಗದವನ್ನು ಕೆಳಗಿಡು. ಕೆಳಗಿಡು ಎಂದೆ! ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಎದ್ದು ಹೋಗುತ್ತೇನೆ."

ಗುರುಮಲ್ಲ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಮರದ ಗೊಂಬೆಗಳಿಗೆ ಬಣ್ಣ ಹಾಕುವುದು ಅವನ ಕಸುಬು. ಬೆರಳುದ್ದದ ಗೊಂಬೆಯ ಕಣ್ಣಿಗೂ ರೆಪ್ಪೆ ಬರೆಯುತ್ತಿದ್ದ. ಅವನಂಥ ಕೈ ಸುತ್ತ ಹತ್ತು ಹಳ್ಳಿಗಳಲ್ಲಿ ಇರಲಿಲ್ಲ. ಕೈಯನ್ನು ನಾನು ಹಳಿಯುವುದಿಲ್ಲ. ತೊಂದರೆ ಇದ್ದದ್ದು ಅವನ ಕಿವಿಯಲ್ಲಿ.

ಅದೇ ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಒಬ್ಬನೇ ಮಗ ರಾಜನ ದಂಡಿನಲ್ಲಿ ಸಿಪಾಯಿಯಾಗಿ ಬಡಗಣ ಬೆಟ್ಟಗಳಿಗೆ ಹೋಗಿದ್ದ. ಚಳಿಗಾಲದಲ್ಲಿ ಆ ದಂಡು ಒಂದು ಕಣಿವೆಯಲ್ಲಿ ಹಿಮಕ್ಕೆ ಸಿಕ್ಕಿಬಿತ್ತು. ಅರ್ಧ ಜನ ಮರಳಲಿಲ್ಲ. ಅವಳ ಮಗನೂ ಮರಳಲಿಲ್ಲ. ಅವಳ ಗಂಡ ಮರಗೆಲಸದವನು. ಬದುಕಿ ಬಂದವರ ಬಾಯಿಂದ ಕೇಳಿಕೊಂಡು, ಹಿಮದಲ್ಲಿ ಬೆಂಕಿಯ ಸುತ್ತ ನಿಂತ ಹನ್ನೆರಡು ಸಿಪಾಯಿಗಳನ್ನು ಕೆತ್ತಿದ. ಅವರಲ್ಲಿ ಒಬ್ಬ ಅವನ ಮಗ. ಆ ಮಗ ಚಿಕ್ಕಂದಿನಲ್ಲಿ ಒರಳಿನ ಮೇಲೆ ಬಿದ್ದು ಎಡಹುಬ್ಬು ಸೀಳಿಸಿಕೊಂಡಿದ್ದ. ತಂದೆ ಆ ಗಾಯದ ಗುರುತನ್ನೂ ಉಳಿಯ ಮೊನೆಯಿಂದ ಗೀರಿದ. ಗೊಂಬೆಗಳು ಮುಗಿದ ವರ್ಷವೇ ಅವನೂ ಹೋದ.

ಮುದುಕಿ ಹನ್ನೆರಡು ಗೊಂಬೆಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಚಿತ್ರಗಾರನ ಮನೆಗೆ ಬಂದಳು. ಆ ಸೀಮೆಯಲ್ಲಿ ನವರಾತ್ರಿಗೆ ಮನೆಮನೆಯಲ್ಲೂ ಗೊಂಬೆ ಕೂರಿಸುತ್ತಾರೆ. ಬಣ್ಣವಿಲ್ಲದ ಗೊಂಬೆಯನ್ನು ಕೂರಿಸುವ ಪದ್ಧತಿಯಿಲ್ಲ.

"ನನ್ನ ಕಣ್ಣಿಗೆ ಪೊರೆ ಬರುತ್ತಿದೆಯಪ್ಪಾ," ಎಂದಳು. "ಪೂರ್ತಿ ಮುಚ್ಚುವುದರೊಳಗೆ ನನ್ನ ಮಗನನ್ನು ಒಂದು ಸಲ ಸಾಲಿನಲ್ಲಿ ಕೂರಿಸಿ ನೋಡಬೇಕು. ಬಣ್ಣ ಯಾವುದಾದರೂ ಆಗಲಿ."

ಯಾವುದಾದರೂ ಆಗಲಿ ಎಂದಳು! ನಿನಗೆ ಕೇಳಿಸಿತಲ್ಲ? ಅವನಿಗೆ ಕೇಳಿಸಲಿಲ್ಲ.

ಚಿತ್ರಗಾರ ಎಂಟೇ ದಿನದಲ್ಲಿ ಕೆಲಸ ಮುಗಿಸಿದ. ಸಿಪಾಯಿಗಳಿಗೆ ಕೆಂಪು ಅಂಗಿ, ಕಾಲಡಿಯ ಪೀಠಕ್ಕೆ ಬೆಳ್ಳನೆಯ ಹಿಮ. ಚೆನ್ನಾಗಿಯೇ ಇತ್ತು. ಒಣಗಲೆಂದು ಜಗಲಿಯ ಮೇಲಿಟ್ಟ. ಅದೇ ಅವನು ಮಾಡಿದ ತಪ್ಪು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದಿ ಜಮಾದಾರ ನಿಂತು ನೋಡಿ, "ಆ ದಂಡಿನ ಅಂಗಿ ಕೆಂಪಲ್ಲವಯ್ಯಾ, ನೀಲಿ," ಎಂದ. ಜಮಾದಾರ ದಂಡಿನಲ್ಲಿದ್ದವನೇ, ಸುಳ್ಳಲ್ಲ. ಆದರೆ ಅವನ ಆಯುಸ್ಸೆಲ್ಲ ಅರಮನೆಯ ಕುದುರೆಲಾಯ ಕಾಯುವುದರಲ್ಲಿ ಕಳೆದಿತ್ತು.

ಕೆಂಪಿನ ಮೇಲೆ ನೀಲಿ ಹಾಕಿದರೆ ಬಣ್ಣ ಕೆಡುತ್ತದೆ. ಅದಕ್ಕೆ ಚಿತ್ರಗಾರ ಸುಣ್ಣದ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ, ಗೊಂಬೆಗಳಿಗೆ ಮೊದಲಿನಿಂದ ಬಿಳಿಯ ಲೇಪ ಕೊಟ್ಟ. ಮೋಡದ ದಿನಗಳು, ಲೇಪ ಬೇಗ ಒಣಗಲಿಲ್ಲ. ಒಣಗಿದ ಮೇಲೆ ನೀಲಿ ಹಾಕಿದ. ಅಷ್ಟರಲ್ಲಿ ನವರಾತ್ರಿ ಕಳೆದುಹೋಯಿತು. ಮುದುಕಿ ಬಂದು ಕೇಳಿದಳು. "ಇನ್ನೊಂದೇ ಒಂದು ತಿದ್ದು ಉಳಿದಿದೆ, ಅವ್ವಾ," ಎಂದ. ಅವಳು ಹೊರಟುಹೋದಳು.

ನೀಲಿ ಒಣಗಿತು ಎನ್ನುವಾಗ ಒಬ್ಬ ಪಂಡಿತ ಬಂದ. ಚಳಿಗಾಲದಲ್ಲಿ ಆ ಸಿಪಾಯಿಗಳು ಕಂದು ಬಣ್ಣದ ಕುರಿಯುಣ್ಣೆಯ ನಿಲುವಂಗಿ ತೊಡುತ್ತಿದ್ದರೆಂದು ಹಳೆಯ ಓಲೆಯಲ್ಲಿ ಇದೆಯಂತೆ. ಮತ್ತೆ ಲೇಪ, ಮತ್ತೆ ಬಣ್ಣ. ಆಮೇಲೆ ಒಬ್ಬ ವೈದ್ಯ ಬಂದ. ಚಳಿಯಲ್ಲಿ ನಿಂತವನ ಮೂಗು ಕೆಂಪಾಗುತ್ತದೆ, ಮುಖ ಕಳೆಗುಂದುತ್ತದೆ, ಇವರೇನು ಮದುವೆಯ ಊಟ ಮುಗಿಸಿ ಬಂದವರಂತಿದ್ದಾರೆ ಎಂದ. ಅದೂ ಹೌದೆನ್ನಿಸಿತು. ಮುಖಗಳಿಗೆಲ್ಲ ಲೇಪ ಬಿತ್ತು. ಪಂಡಿತ ತಿರುಗಿ ಬಂದು, ಇದು ನಮ್ಮ ನಾಡಿನವರ ಮೈಬಣ್ಣವೇ ಅಲ್ಲ ಎಂದ. ಮುಖಗಳಿಗೆ ಇನ್ನೊಂದು ಲೇಪ. ಒಬ್ಬ ಅರಿವೆ ವ್ಯಾಪಾರಿ ಬಂದು, ಹಿಮ ಸುಣ್ಣದ ಹಾಗೆ ಇರುವುದಿಲ್ಲ, ನೀಲಿ ಛಾಯೆ ಇರುತ್ತದೆ, ಟೊಪ್ಪಿಯ ಮೇಲೂ ಹುಬ್ಬಿನ ಮೇಲೂ ಕೂತಿರುತ್ತದೆ ಎಂದ. ಅದಕ್ಕೂ ಒಂದು ಲೇಪ. ಆ ಮಹಾರಾಯ ಹಿಮದ ಬೆಟ್ಟವನ್ನು ಒಂದೇ ಒಂದು ಸಲ, ಅದೂ ಮೂರು ಹರದಾರಿ ದೂರದಿಂದ ಕಂಡಿದ್ದ!

ಕೊನೆಗೆ ಒಂದು ದಿನ ಆ ಜಮಾದಾರನೇ ಮತ್ತೆ ಬಂದ. ಮೀಸೆ ತೀಡಿಕೊಂಡು, "ನೀಲಿ ಅಂಗಿ ಬೇರೆ ದಂಡಿನದಪ್ಪಾ. ಈಗ ನೆನಪಾಯಿತು. ಇವರದು ಕೆಂಪೇ," ಎಂದ. ನಾನಾಗಿದ್ದರೆ ಆ ಸುಣ್ಣವನ್ನೆಲ್ಲ ಅವನ ಮೀಸೆಗೇ ಬಳಿಯುತ್ತಿದ್ದೆ. ಚಿತ್ರಗಾರ ಕೈಮುಗಿದು ಉಪಕಾರವಾಯಿತು ಎಂದ. ನಿಲುವಂಗಿಯ ಸಂದಿನಲ್ಲಿ ಕಾಣುವ ಒಂದು ಬೆರಳಗಲ ಅಂಗಿಗಾಗಿ ಆರನೆಯ ಸಲ ಲೇಪ ಕಲಸಿದ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಆ ಮೂರ್ತಿಗಾದರೂ ಅಪ್ಪನ ಮುಖ ಇರುತ್ತದೆ.

ಇಷ್ಟರಲ್ಲಿ ಇನ್ನೊಂದು ನವರಾತ್ರಿಯೂ ಹೋಗಿತ್ತು. ಮೂರನೆಯ ನವರಾತ್ರಿಗೆ ಎರಡು ದಿನ ಇದ್ದಾಗ ಕೆಲಸ ಮುಗಿಯಿತು. ಪಂಡಿತ, ವೈದ್ಯ, ವ್ಯಾಪಾರಿ, ಜಮಾದಾರ ಎಲ್ಲರೂ ಬಂದು ನೋಡಿದರು. ಒಬ್ಬನಿಗೂ ಒಂದು ತಪ್ಪು ಸಿಗಲಿಲ್ಲ. ಚಿತ್ರಗಾರನ ಕಣ್ಣಿನಲ್ಲಿ ನೀರು ಬಂತು. ತಾನೇ ಹೋಗಿ ಮುದುಕಿಯನ್ನು ಕರೆದ.

ಮುದುಕಿ ಗೋಡೆ ಹಿಡಿದುಕೊಂಡು ಬಂದಳು. "ನೋಡು ಅವ್ವಾ," ಎಂದು ಅವನು ದೀಪವನ್ನು ಹತ್ತಿರಕ್ಕೆ ತಂದ.

"ದೀಪ ಬೇಡಪ್ಪಾ, ಆ ಕಾಲ ಹೋಯಿತು. ಕೈಗೆ ಕೊಡು," ಎಂದಳು.

ಒಂದೊಂದೇ ಗೊಂಬೆಯನ್ನು ಅವಳ ಕೈಗೆ ಕೊಟ್ಟ. ಅವಳು ಹೆಬ್ಬೆರಳಿನಿಂದ ಎಡಹುಬ್ಬನ್ನು ಸವರಿ, ಕೆಳಗಿಟ್ಟು, ಇನ್ನೊಂದಕ್ಕೆ ಕೈ ಚಾಚಿದಳು. ಹನ್ನೆರಡೂ ಮುಗಿದವು. ಮತ್ತೆ ಮೊದಲಿನಿಂದ ಸವರಿದಳು. ಎಲ್ಲ ಮುಖಗಳೂ ಹುಣಸೆಬೀಜದಂತೆ ನುಣ್ಣಗಿದ್ದವು.

"ಇವರಲ್ಲಿ ನನ್ನ ಮಗ ಯಾರಪ್ಪಾ?" ಎಂದು ಕೇಳಿದಳು.

ಚಿತ್ರಗಾರ ಬಗ್ಗಿ ಹುಡುಕಿದ. ಬೆರಳುದ್ದದ ಗೊಂಬೆಗೆ ರೆಪ್ಪೆ ಬರೆಯುವ ಕಣ್ಣು ಅವನದು. ಅವನಿಗೂ ಸಿಗಲಿಲ್ಲ. ತಂದೆ ಗೀರಿದ ಆ ಗೀರು ಮುಖದ ಮೇಲಿನ ಅಷ್ಟೂ ಲೇಪಗಳ ಅಡಿಯಲ್ಲಿ ಮುಚ್ಚಿಹೋಗಿತ್ತು. ಆ ಮಂಕ, "ಅಂಗಿಯ ಬಣ್ಣದಲ್ಲಿ ಈಗ ಒಂದು ತಪ್ಪೂ ಇಲ್ಲ, ಅವ್ವಾ," ಎಂದ.

ಮುದುಕಿ ಬಯ್ಯಲಿಲ್ಲ. ಬಯ್ದಿದ್ದರೆ ಅವನು ಎರಡು ದಿನ ಅತ್ತು ಮರೆಯುತ್ತಿದ್ದ. ಅವಳು ಒಂದು ಗೊಂಬೆಯ ಬೆನ್ನು ಸವರುತ್ತಾ, "ಚಳಿಯಲ್ಲಿ ಸತ್ತ ಕೂಸು. ದಪ್ಪಗೆ ಹೊದಿಸಿದ್ದೀಯಪ್ಪಾ, ಒಳ್ಳೆಯದಾಯಿತು," ಎಂದಳು. ಯಾರು ತನ್ನವನೋ ತಿಳಿಯದೆ ಹನ್ನೆರಡು ಮಂದಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಬಂದ ಹಾಗೆಯೇ ಗೋಡೆ ಹಿಡಿದು ಮನೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಅವರ ದನಿಯಲ್ಲಿದ್ದ ಸಿಟ್ಟು ಇಳಿದಿತ್ತು. ಗುರುಮಲ್ಲ ತಲೆ ತಗ್ಗಿಸಿ ಕುಳಿತಿದ್ದ. ಕಣ್ಣೊರೆಸಿಕೊಂಡು ಕಾಗದವನ್ನು ಎತ್ತಿಕೊಂಡ.

"ಅರ್ಥವಾಯಿತು, ಬುದ್ಧಿ. ಇನ್ನು ತಡಮಾಡುವುದಿಲ್ಲ. 'ಮನ್ನಿಸು' ಎಂದೇ ಇರಲಿ. ಅಕ್ಷರ ಮಾತ್ರ ಅಲ್ಲಲ್ಲಿ ಸೊಟ್ಟಗಿದೆ. ಒಂದು ಸಲ ದುಂಡಗೆ ಬರೆದು ನಾಳೆಯೇ ಕಳಿಸಿಬಿಡುತ್ತೇನೆ."

ಗುರುಗಳು ಹಣೆ ಚಚ್ಚಿಕೊಂಡರು. ಆಮೇಲೆ ಅವನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು:

"ನಿನ್ನ ಅಕ್ಕನಿಗೆ ಓದಲು ಬರುತ್ತದೆಯೇನಯ್ಯಾ?"

ಗುರುಮಲ್ಲ ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟ.