ಚಿನ್ನದ ಬಣ್ಣದ ಜೀಪಿನ ಮೂರು ಒಗಟು

“ಕಂಚಿನಗಿರಿಯ ಜನರೇ, ಅರಮನೆಯ ಅಪ್ಪಣೆ ಕೇಳಿರಿ! ರಾಜಕುಮಾರಿ ಪದ್ಮಲೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿ ಅರಮನೆಯ ಜೀಪಿನ ರೇಡಿಯೊ ಮಾತಾಡುವಂತೆ ಮಾಡಿದವರಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ!”

ಡಂಗುರದವನು ಬೀದಿ ಬೀದಿ ಸಾರುತ್ತ ಹೋದ. ಸಂಗತಿ ಊರಿಗೆಲ್ಲ ಗೊತ್ತಿತ್ತು. ಹೊಳೆಯ ನಡುಗಡ್ಡೆಗಳಲ್ಲಿ ಜ್ವರ ಹಬ್ಬಿದೆಯೆಂದು ರಾಣಿ ಗೌರಾಜಮ್ಮ ಹಳೆಯ ಜೀಪನ್ನು ತೆಪ್ಪಕ್ಕೆ ಏರಿಸಿಕೊಂಡು, ಮದ್ದಿನ ಪೆಟ್ಟಿಗೆಗಳ ಜತೆ ಹೋಗಿದ್ದಳು. ಮರುದಿನವೇ ಹೊಳೆ ಉಕ್ಕಿತು. ನಡುಗಡ್ಡೆಗಳು ಮೂರು. ಅವಳು ಯಾವುದರಲ್ಲಿ ಸಿಕ್ಕಿಕೊಂಡಿದ್ದಾಳೋ ತಿಳಿಯದು. ಹುಡುಕಲು ಹೋದ ಎರಡು ದೋಣಿಗಳನ್ನು ಸೆಳವು ಒಯ್ದಿತ್ತು. ಉಳಿದದ್ದು ಒಂದೇ ದೋಣಿ, ಅದನ್ನು ಯಾವ ನಡುಗಡ್ಡೆಗೆ ಕಳಿಸುವುದೆಂದು ತಿಳಿಯದೆ ಬಿಡುವಂತಿರಲಿಲ್ಲ.

ರಾಣಿಯ ಹಳೆಯ ಜೀಪು, ಅರಮನೆಯ ಚಿನ್ನದ ಬಣ್ಣದ ಜೀಪು, ಎರಡರಲ್ಲೂ ಒಂದೊಂದು ರೇಡಿಯೊ ಇತ್ತು. ಪದ್ಮಲೆ ಎಂಟು ದಿನದಿಂದ ಅರಮನೆಯ ಜೀಪಿನಲ್ಲೇ ಕೂತು “ಅಮ್ಮಾ, ಎಲ್ಲಿದ್ದೀ?” ಎಂದು ಕರೆಯುತ್ತಿದ್ದಳು. ಬರುತ್ತಿದ್ದದ್ದು ಬರೀ ಗರಗರ ಸದ್ದು. ರಿಪೇರಿ ಬಲ್ಲೆನೆಂದು ಜಂಬ ಕೊಚ್ಚಿದ ಒಬ್ಬ ರೇಡಿಯೊ ಬಿಚ್ಚಿ ಎರಡು ದಿನ ಹಾಳು ಮಾಡಿದ್ದ. ಅದಕ್ಕೇ ರಾಜ ಜಯಕೀರ್ತಿ ತಲೆದಂಡದ ಮಾತು ಸೇರಿಸಿದ್ದು. ಪದ್ಮಲೆ ಒಗಟು ಕಟ್ಟಿದ್ದು ಆಟಕ್ಕಲ್ಲ. ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಮೊದಲು ಬಂದವನು ಮಂತ್ರಿಯ ಮಗ ಅರಿಂಜಯ.

“ರೇಡಿಯೊ ತಂದುಕೊಟ್ಟ ಮೇಸ್ತ್ರಿ ಹೋಗುವಾಗ ಹೇಳಿದ ಮಾತಿದು,” ಎಂದಳು ಪದ್ಮಲೆ. “ಎರಡು ತೋಳೂ ಚಾಚದೆ ಇವನಿಗೆ ಕೂಗಲು ಬಾರದು. ಒಂದು ತೋಳು ಆಕಾಶಕ್ಕೆ ಎತ್ತಿದೆ, ಕಾಣುತ್ತದೆ. ಇನ್ನೊಂದು ಎಲ್ಲಿ?”

“ಇನ್ನೊಂದು ಆಂಟೆನಾ ಬೇಕು ಅಂತ ಅರ್ಥ!” ಎಂದ ಅರಿಂಜಯ, ಪಕ್ಕದಲ್ಲಿ ಇನ್ನೊಂದು ಕೋಲು ನಿಲ್ಲಿಸಿದ. ಗರಗರ ಹಾಗೇ ಇತ್ತು. ಭಟರು ಅವನನ್ನು ಸೆರೆಮನೆಗೆ ಒಯ್ದರು.

ಆಮೇಲೆ ಬಂದ ಪಾಳೆಯಗಾರ ಮಾಣಿಕನಾಯಕ ಎಡವಿದ್ದೂ ಅದೇ ಒಗಟಿನಲ್ಲಿ. “ಎರಡನೆಯ ತೋಳು ಮಾತಾಡುವವನದೇ,” ಎಂದು ಒಂದು ಕೈಯಲ್ಲಿ ಆಂಟೆನಾ ಹಿಡಿದು ಗಂಟಲು ಹರಿಯುವಂತೆ ಕೂಗಿದ. ಅವನನ್ನೂ ಒಯ್ದರು. ಒಂಬತ್ತನೆಯ ದಿನ ಸಂಜೆಗೆ ಇಬ್ಬರ ತಲೆಯೂ ಹೋಗಬೇಕು.

ಪದ್ಮಲೆ ತಂದೆಯ ಕಾಲು ಹಿಡಿದಳು. “ಅಪ್ಪಾಜಿ, ಅಮ್ಮನಿಗಾಗಿ ಇವರನ್ನು ಕೊಲ್ಲುವುದೇ?”

“ಸಾರಿದ ಮಾತು ಹಿಂದಕ್ಕೆ ತಗೊಳ್ಳೋದು ಹೇಗೆ ಮಗಳೇ? ನನ್ನ ಕೈಯಲ್ಲಿ ಈಗ ಏನೂ ಇಲ್ಲ,” ಎಂದು ರಾಜ ಮುಖ ಮುಚ್ಚಿಕೊಂಡ.

ಒಂಬತ್ತನೆಯ ದಿನ ಬೆಳಿಗ್ಗೆ ಹುಸೇನಪ್ಪ ಬಂದ. ಪಾತ್ರೆಗೆ ಕಲಾಯಿ ಹಾಕುವುದು, ಲಾರಿಗಳ ರೇಡಿಯೇಟರಿಗೆ, ತಂತಿಗಳಿಗೆ ಬೆಸುಗೆ ಹಾಕುವುದು ಅವನ ಕೆಲಸ. ವಯಸ್ಸು ಇಪ್ಪತ್ತೆರಡು. ಅಂಗಿಯ ತುಂಬ ಸುಟ್ಟ ತೂತು.

“ತಲೆ ಹೋಗುತ್ತದೆ, ಗೊತ್ತೇನಪ್ಪ?” ಎಂದಳು ಪದ್ಮಲೆ.

“ಗೊತ್ತೈತ್ರಿ ಅವ್ವಾರ. ಆದ್ರ ನಮ್ಮವ್ವನೂ ಆ ನಡುಗಡ್ಡಿಗಳಾಗ ಎಲ್ಲೋ ಸಿಕ್ಕೊಂಡಾಳ್ರಿ. ಕೇಳ್ರಿ.”

ಅವಳು ಮೊದಲ ಒಗಟು ಕೇಳಿದಳು. ಅವನು ಜೀಪಿನ ಸುತ್ತ ಒಂದು ಸುತ್ತು ಬಂದ.

“ಈ ಗಾಡೀನೇ ಇನ್ನೊಂದು ತೋಳ್ರಿ. ಆಂಟೆನಾ ಅರ್ಧ, ಗಾಡಿಯ ಕಬ್ಬಿಣದ ಮೈ ಇನ್ನರ್ಧ. ಆಂಟೆನಾದ ಬುಡ ಈ ಮೈಗೆ ಕೂಡಬೇಕು, ಹಂಗ ಕೂಡಿಸೋದಕ್ಕ ನಾವು ಅರ್ತ್ ಅಂತೀವ್ರಿ.”

“ಆಂಟೆನಾ ಗಾಡಿಯ ಮೈಗೇ ಕೂತಿದೆಯಲ್ಲ! ಅದೇ ನನ್ನ ಎರಡನೆಯ ಒಗಟು. ಕಬ್ಬಿಣ ಕಬ್ಬಿಣವನ್ನು ಅಪ್ಪಿಕೊಂಡಿದೆ, ಬೋಲ್ಟು ಬಿಗಿದಿದೆ. ಆದರೆ ಒಂದರಿಂದ ಇನ್ನೊಂದಕ್ಕೆ ಕರೆಂಟು ಹರಿಸಿ ನೋಡಿದರೆ ಬಲ್ಬು ಹತ್ತುವುದಿಲ್ಲ. ನಡುವೆ ನಿಂತವರು ಯಾರು?”

ಹುಸೇನಪ್ಪ ಬೋಲ್ಟು ಬಿಚ್ಚಿ, ಉಗುರಿನಿಂದ ಕೆರೆದು, ತಲೆಯೆತ್ತಿ ನೋಡಿದ. ರಾಜ ಎದುರಿಗೇ ನಿಂತಿದ್ದ.

“ಹೇಳು ತಮ್ಮಾ.”

“ಬಣ್ಣ ರೀ, ದೊರಿ. ಹೊಲಸು ಪಾತ್ರೆಗೆ ಕಲಾಯಿ ಹತ್ತಂಗಿಲ್ಲ, ಬಣ್ಣದ ಮ್ಯಾಲೆ ಬೆಸುಗೆ ನಿಲ್ಲಂಗಿಲ್ಲ. ಹಂಗ ಬಣ್ಣ ದಾಟಿ ಕರೆಂಟೂ ಹರಿಯಂಗಿಲ್ರಿ.”

ಪಟ್ಟದ ಹಬ್ಬಕ್ಕೆ ಆಂಟೆನಾ ಬಿಚ್ಚಿಸಿ ಜೀಪಿಗೆ ಐದು ಸಲ ಚಿನ್ನದ ಬಣ್ಣ ಹೊಡೆಸಿದವನು ರಾಜನೇ. ಅವನು ಜೀಪಿಗೆ ಒರಗಿ ನಿಂತ. “ಕೆರೆ,” ಎಂದ, ಮೆಲ್ಲಗೆ. ಹುಸೇನಪ್ಪ ಬೋಲ್ಟಿನ ಸುತ್ತ ಬಿಳಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಆಂಟೆನಾ ಮತ್ತೆ ಬಿಗಿದ. ಬಲ್ಬು ಹತ್ತಿತು.

ಪದ್ಮಲೆ ಮೂರನೆಯ ಒಗಟು ಕೇಳಿದಳು. “ಎಂಜಿನ್ ಮಲಗಿದ್ದರೆ ರೇಡಿಯೊ ಪಿಸುಗುಡುತ್ತದೆ, ಎದ್ದರೆ ಚೀರುತ್ತದೆ. ಬ್ಯಾಟರಿ ಸೋತಿದೆ, ಎಂಜಿನ್ ನಿಲ್ಲಿಸುವಂತಿಲ್ಲ. ಆ ಚೀರಾಟ ಯಾರದು? ಅದನ್ನು ಎಲ್ಲಿಗೆ ಕಳಿಸುವುದು?”

“ಎಂಜಿನ್ನಿಂದೇ ಕಿಡಿ ಸದ್ದು ಅದು. ಬಾನೆಟ್ಟು ಬರೀ ಕೀಲಿನ ಮ್ಯಾಲೆ ಕುಂತೈತಿ, ಹೊಗಿ ಕೊಳವಿ ರಬ್ಬರಿನಾಗ ತೂಗಾಡತೈತಿ. ಅವು ಮೈಗೆ ಕೂಡಿಲ್ರಿ, ಅದಕ್ಕ ಸದ್ದು ಹೊರಗ ಚೆಲ್ಲತೈತಿ. ಕೂಡಿಸಿದ್ರ ಮೈಯೊಳಗ ಇಳದು ಹೋಗತೈತಿ.”

ಅವನು ಹೆಣೆದ ತಾಮ್ರದ ಪಟ್ಟಿಯಿಂದ ಎರಡನ್ನೂ ಜೀಪಿನ ಮೈಗೆ ಕಟ್ಟಿದ. ರೇಡಿಯೊದ ಎರಡು ತಂತಿಗಳನ್ನು ನೇರ ಬ್ಯಾಟರಿಗೇ ಎಳೆದ. ಬಿಸಿಲು ಇಳಿಯತೊಡಗಿತ್ತು. ಕೊನೆಯ ಬೆಸುಗೆ ಆರುವಷ್ಟರಲ್ಲಿ ಅವನ ಬೆರಳು ಸುಟ್ಟಿದ್ದವು. ಎಂಜಿನ್ ಎದ್ದಿತು. ಚೀರಾಟವಿಲ್ಲ.

“ಅಮ್ಮಾ, ಎಲ್ಲಿದ್ದೀ?”

ರಾಣಿಯ ದನಿ ಬಂತು. “ಕೆಳಗಿನ ನಡುಗಡ್ಡೆ. ಕಲ್ಲುಮಂಟಪ. ನಲವತ್ತು ಜನ ಇದ್ದೀವಿ. ನಿನ್ನೆ ಮೂವರು ತೀರಿಕೊಂಡರು. ಒಂಬತ್ತು ದಿನದಿಂದ ನೀನು ಅಳೋದು ಸಣ್ಣಗೆ ಕೇಳ್ತಿತ್ತು ಮಗಳೇ. ಇಲ್ಲಿದ್ದೀನಿ, ಇಲ್ಲಿದ್ದೀನಿ ಅಂತ ಪ್ರತಿ ಸಲವೂ ಹೇಳ್ತಿದ್ದೆ. ನಿನಗೆ ಕೇಳ್ತಿರಲಿಲ್ಲ.”

“ಈಗ ಕೇಳ್ತಿದೆ ಅಮ್ಮಾ,” ಎಂದಳು ಪದ್ಮಲೆ. ರಾಜನೇ ದೋಣಿ ಬಿಡಲು ಕೂಗಿ ಹೇಳಿದ. ಆಮೇಲೆ ಸೆರೆಮನೆಯ ಬಾಗಿಲು ತೆಗೆಸಿದ. “ರೇಡಿಯೊ ಬಾಯಿ ಕಟ್ಟಿದವನು ನಾನು. ಇವರ ತಲೆ ತೆಗೆದು ಯಾರಿಗೆ ಮುಖ ತೋರಿಸಲಿ?” ಎಂದು ಇಬ್ಬರನ್ನೂ ಬಿಟ್ಟ.

ದೋಣಿ ನಾಲ್ಕು ಸಲ ಹೋಗಿ ಬಂತು. ಹುಸೇನಪ್ಪ ಪ್ರತಿ ಸಲವೂ ನೀರಿಗೆ ಇಳಿದು ಒಬ್ಬೊಬ್ಬರ ಮುಖ ನೋಡಿದ. ಅವನ ಅವ್ವ ಕೊನೆಯ ಸಲ ಬಂದ ದೋಣಿಯಲ್ಲಿ ರಾಣಿಯ ಪಕ್ಕದಲ್ಲಿದ್ದಳು, ಜ್ವರದಲ್ಲಿ ಕಣ್ಣು ಮುಚ್ಚಿಕೊಂಡು. ಉಸಿರು ಇತ್ತು.

ಅರ್ಧ ರಾಜ್ಯ ಕೊಡಲು ರಾಜ ಬಂದಾಗ ಅವನು ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ರಾಜ್ಯಾ ನಿಮ್ಮ ಹತ್ರಾನೇ ಇರ್ಲಿ ದೊರಿ,” ಎಂದ. “ಮೂರೂ ನಡುಗಡ್ಡಿಗೆ ಒಂದೊಂದು ರೇಡಿಯೊ ಕೊಡ್ರಿ. ಅರ್ತ್ ನಾನು ಮಾಡತೀನಿ.”

ರಾಜ ಮೂರು ರೇಡಿಯೊ ಕೊಟ್ಟ. ಹೊಳೆಯ ದಂಡೆಯಲ್ಲಿ ಅವನಿಗೊಂದು ಮನೆಯನ್ನೂ ಕಟ್ಟಿಸಿಕೊಟ್ಟ. ಆ ಮನೆಯಲ್ಲಿ ಅವನ ಅವ್ವ ಇನ್ನೂ ಹನ್ನೊಂದು ವರ್ಷ ಬಾಳಿದಳು.