ಆಲ್ಡರ್‌ಕೂಂಬಿನವರು ಹೇಳದ ಮಾತು

“ಕೇಳಿರಪ್ಪೋ ಕೇಳಿ! ಆಲ್ಡರ್‌ಕೂಂಬ್ ಎಂಬ ಹಳ್ಳಿಯನ್ನು ಕೆಡವಿ ಅರಸರು ಬೇಟೆಯ ಕಾಡು ಬೆಳೆಸಲಿದ್ದಾರೆ. ಆ ಊರಿನ ಮೇಲೆ ರಾಜಕುಮಾರಿ ಹಾಕುವ ಮೂರು ಒಗಟು ಬಿಡಿಸಿದವನು ಕೇಳಿದ್ದು ಕೊಡಲಾಗುವುದು. ತಪ್ಪಿದರೆ ತಲೆದಂಡ!” ಎಂದು ಡಂಗುರ ಸಾರಿದರು.

ಇಂಗ್ಲೆಂಡಿನ ಬಿಳಿ ಗುಡ್ಡಗಳ ಸಂದಿಯಲ್ಲಿದ್ದ ಆ ಊರು ಎಷ್ಟು ಪುಟ್ಟದೆಂದರೆ, ಒಂದು ತುದಿಯಲ್ಲಿ ಸೀನಿದರೆ ಇನ್ನೊಂದು ತುದಿಯವರು “ದೇವರು ಕಾಯಲಿ” ಎನ್ನುತ್ತಿದ್ದರು. ಆದರೇನು, ಚೆಲುವು ಅಂದರೆ ಅದರದ್ದೇ! ತಾಯಿಯಿಲ್ಲದ ರಾಜಕುಮಾರಿ ಮಿಲ್ಡ್ರೆಡ್ ದಾದಿಯ ಮಡಿಲಲ್ಲಿ ಬೆಳೆದದ್ದು ಅಲ್ಲೇ. ಅದನ್ನು ಉಳಿಸಲೆಂದೇ ಅತ್ತು ಕರೆದು ತಂದೆಯಿಂದ ಈ ಒಗಟಿನ ಅವಕಾಶ ಪಡೆದಿದ್ದಳು.

ಊರು ಉಳಿಯಬೇಕೆಂದು ಸುಣ್ಣಕಲ್ಲು ಅಗೆಯುವ ಓಸ್ವಿನ್ ಅರಮನೆಗೆ ಬಂದ. ಹಿಂದೆಯೇ ಅವನ ತಾಯಿ, ಊರವರು.

ಮೊದಲು ರಾಜಕುಮಾರಿಯ ಕೈಹಿಡಿಯುವ ಆಸೆಯಿಂದ ಹಂಫ್ರಿ ದೊರೆ ನಿಂತ. “ಚಳಿಗಾಲದಲ್ಲಿ ಬರುವ ನೆಂಟ, ಬೇಸಿಗೆಗೆ ಹೇಳದೆ ಹೋಗುತ್ತಾನೆ. ಅವನು ನಡೆದ ದಾರಿಯಲ್ಲಿ ಆಮೇಲೆ ಕುರಿ ಮೇಯುತ್ತವೆ. ಯಾರವನು?” ಎಂದು ರಾಜಕುಮಾರಿ ಮೊದಲ ಒಗಟು ಹಾಕಿದಳು.

“ಹಿಮ!”

“ಹಿಮಕ್ಕೆ ದಾರಿ ಎಲ್ಲಿದೆ ದೊರೆ?” ಭಟರು ಅವನನ್ನು ಎಳೆದೊಯ್ದರು. ರಾಲ್ಫ್ ದೊರೆ “ಮಂಜು” ಎಂದ. ಅವನಿಗೂ ಅದೇ ಗತಿ. ಓಸ್ವಿನ್ ಮುಂದೆ ಬಂದ.

“ನಮ್ಮ ಹಳ್ಳ, ರಾಜಕುಮಾರಿ,” ಎಂದ. “ಮಳೆಯೆಲ್ಲ ಗುಡ್ಡ ಕುಡಿದು, ಹೊಟ್ಟೆ ತುಂಬಿದ ಮೇಲೆ ಚಳಿಗಾಲಕ್ಕೆ ಹೊರಗೆ ಬಿಡುತ್ತದೆ. ಬೇಸಿಗೆಗೆ ಹಳ್ಳದ ತುಂಬ ಹುಲ್ಲು.”

“ಗುಡ್ಡದೊಳಗೆ ಸಾವಿರ ಮನೆ. ಕಟ್ಟಿಕೊಂಡವರು ಊರವರಲ್ಲ, ಗುಡ್ಡದವರೂ ಅಲ್ಲ,” ಎಂದು ರಾಜಕುಮಾರಿ ಎರಡನೆಯದು ಹಾಕಿದಳು.

“ಚಿಪ್ಪುಗಳು! ದಿನಾ ಅಗೆದು ತೆಗೆಯುತ್ತೇನಲ್ಲ! ಒಂದು ಕಾಲಕ್ಕೆ ನಮ್ಮ ಗುಡ್ಡ ಕಡಲ ತಳವಾಗಿತ್ತು.”

ಅರಸ ಮುಂದಕ್ಕೆ ಬಾಗಿದ. ರಾಜಕುಮಾರಿಯ ದನಿ ಇಳಿಯಿತು. “ಊರು ದಿಬ್ಬದ ಮೇಲಿದೆ, ಇಗರ್ಜಿ ಮಾತ್ರ ಕೆಳಗೆ ಹೊಲದಲ್ಲಿ ಒಂಟಿ. ಯಾರು ಯಾರನ್ನು ಬಿಟ್ಟು ಹೋದರು?”

ಓಸ್ವಿನ್ ಊರವರತ್ತ ತಿರುಗಿ ನೋಡಿದ. ಉತ್ತರ ಊರಿನ ಮಕ್ಕಳಿಗೂ ಗೊತ್ತು. ಆದರೆ ಅಂದು ಊರಿಗೆ ಬಂದ ಪಿಡುಗಿನ ಹೆಸರೆತ್ತಿದರೆ ಅದು ಮತ್ತೆ ಬರುತ್ತದೆಂದು ಹೆದರಿ ಯಾರೂ ಬಾಯಿಬಿಡುತ್ತಿರಲಿಲ್ಲ. “ಬೇಡವೋ ಮಗನೇ!” ತಾಯಿ ಕೂಗಿಕೊಂಡಳು.

“ಹೇಳದಿದ್ದರೂ ಊರು ಹೋಗುತ್ತದಲ್ಲಮ್ಮ,” ಎಂದು ಅವನು ಅರಸನತ್ತ ತಿರುಗಿದ. “ಪ್ರಭು, ಮೊದಲು ಇಗರ್ಜಿಯ ಸುತ್ತಲೇ ಊರಿತ್ತು. ಪ್ಲೇಗು ಬಂತು. ಉಳಿದವರು ಕೈಗೆ ಸಿಕ್ಕಿದ್ದು ಹೊತ್ತು ದಿಬ್ಬ ಹತ್ತಿದರು. ಸತ್ತವರನ್ನು ಹೊತ್ತೊಯ್ಯಲಾಗಲಿಲ್ಲ. ಅವರ ಜೊತೆಗಿರಲೆಂದು ಇಗರ್ಜಿಯನ್ನು ಅಲ್ಲೇ ಬಿಟ್ಟರು. ನಾವು ಯಾರನ್ನೂ ಬಿಟ್ಟು ಹೋಗಿಲ್ಲ, ಪ್ರಭು. ಇವತ್ತಿಗೂ ಭಾನುವಾರ ಮಳೆಯಿರಲಿ, ಕೆಸರಿರಲಿ, ಇಳಿದು ಹೋಗುತ್ತೇವೆ.”

ಊರವರು ಬಿಕ್ಕಿದರು. ಅರಸ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡ.

“ಇಂಥ ಊರಿನಲ್ಲಿ ಜಿಂಕೆ ಅಟ್ಟಿಸಿಕೊಂಡು ಓಡಲೇ ನಾನು? ಕೇಳಯ್ಯಾ, ಏನು ಬೇಕು?”

“ಊರು ಉಳಿಯಲಿ. ಆ ಇಬ್ಬರು ದೊರೆಗಳ ತಲೆಯೂ ಉಳಿಯಲಿ. ಸಾವು ನಮಗೆ ಸಾಕಾಗಿದೆ.”

“ಆಗಲಿ.”

“ಅಷ್ಟೇನಾ?” ರಾಜಕುಮಾರಿ ಮುನಿಸಿಕೊಂಡಳು. “ನನ್ನನ್ನು ಕೇಳಲೇ ಇಲ್ಲವಲ್ಲೋ!”

ಓಸ್ವಿನನ ಕಿವಿ ಕೆಂಪಾದವು. “ನಮ್ಮೂರಿನದು ಕೆಸರಿನ ದಾರಿ, ರಾಜಕುಮಾರಿ...”

“ಗೊತ್ತು. ಆ ಇಗರ್ಜಿಯ ಹೊಲದಲ್ಲೇ ನನ್ನ ದಾದಿ ಮಣ್ಣಲ್ಲಿ ಮಲಗಿದ್ದಾಳೆ,” ಎಂದಳು ಮಿಲ್ಡ್ರೆಡ್. “ಭಾನುವಾರ ನಾನೂ ಬರುತ್ತೇನೆ.”