ನಾಚಿದೊಲೆಯ ಬಿಳಿ ಗುರುತು

ಹಳೆಯ ಉಪ್ಪಿನ ದಾರಿ ಬಂಡೆಗುಡ್ಡವೊಂದನ್ನು ಬಳಸಿ ತಿರುಗುವಲ್ಲಿ, ಮೂರು ಗಡಿಗೆ ಕೂರುವಷ್ಟು ದೊಡ್ಡದಾದ ಕಲ್ಲೊಲೆಯೊಂದಿದೆ. ಮೇಲೆ ಚಾಚಿದ ಬಂಡೆಯೇ ಅದಕ್ಕೆ ಮಾಡು. ದಾರಿಗೆ ಮುಖಮಾಡಿ ನಿಂತ ಹಿಂಗೋಡೆಯನ್ನು ಮುಟ್ಟಿದರೆ ಬೆರಳಿಗೆ ಮಸಿ ಅಂಟುತ್ತದೆ. ಆ ಕಪ್ಪಿನ ನಡುವೆ ಅಂಗೈಯಗಲ ಸುಣ್ಣದ ಬಿಳುಪು. ಒಲೆಗೂ ಗುಡ್ಡಕ್ಕೂ ನಾಚಿದೊಲೆ ಎಂದೇ ಹೆಸರು. ಒಲೆ ಎಲ್ಲಾದರೂ ನಾಚೀತೇ ಎಂದು ನಗುವವರಿದ್ದಾರೆ. ನಗಲಿ. ನಾಚಿದ್ದು ಒಲೆಯಲ್ಲ, ಅದನ್ನು ಉರಿಸುತ್ತಿದ್ದ ಕೆಂಚವ್ವ.

ಹಿಂದೆ ಒಮ್ಮೆ, ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಜನ ಓಡಾಡುತ್ತಿದ್ದ ಕಾಲದಲ್ಲಿ, ಹಾದುಹೋಗುವವರಿಗೆಲ್ಲ ಅಂಬಲಿ ಕಾಯಿಸಿ ಕೊಡುವ ಮನೆ ಇಲ್ಲಿತ್ತು. ಅತ್ತೆಯಿಂದ ಸೊಸೆಗೆ ಬಂದ ಕಾಯಕ ಅದು. ಒಲೆ ಆರಬಾರದು, ಹಿಂಗೋಡೆಗೆ ಸುಣ್ಣ ಮುಟ್ಟಿಸಬಾರದು, ಇವೆರಡೇ ಕಟ್ಟಳೆ. ದೂರದಿಂದ ಆ ಕಪ್ಪು ಕಂಡರೇ ದಾರಿಹೋಕರಿಗೆ ಅರ್ಧ ಹೊಟ್ಟೆ ತುಂಬುತ್ತಿತ್ತು ಎನ್ನುತ್ತಾರೆ. ಗಂಡನಿಲ್ಲದ ಕೆಂಚವ್ವ ಬಹುಕಾಲ ಅದನ್ನು ಚೆನ್ನಾಗಿಯೇ ನಡೆಸಿದಳು. ಆದರೆ ಮಗಳು ಬಂಗಾರವ್ವನನ್ನು ನೋಡಲು ಅನುಕೂಲಸ್ಥರ ಮನೆಯವರು ಬರುತ್ತಾರೆಂಬ ಸುದ್ದಿ ಬಂದಾಗ, ಆ ಗೋಡೆ ಮೊದಲ ಬಾರಿಗೆ ಅವಳ ಕಣ್ಣಿಗೆ ಹೊಲಸಾಗಿ ಕಂಡಿತು. ಮಸಿ ಮನೆಯ ಹೆಣ್ಣು ಎಂದು ನಾಳೆ ಮಗಳನ್ನು ಆಡಿಕೊಂಡರೆ? ಒಲೆ ಆರಿಸಿದಳು. ಕುರ್ಪಿ ಹಿಡಿದು ಕೆರೆದಳು, ಸುಣ್ಣ ಬಳಿದಳು. ಮಸಿ ಹಳದಿಯಾಗಿ ಮೇಲೆದ್ದಿತು. ಮತ್ತೆ ಬಳಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಲು ಅತ್ತೆ ಬದುಕಿರಲಿಲ್ಲ.

ಸುಣ್ಣ ಇನ್ನೂ ಆರುತ್ತಿತ್ತು. ಕೂಸನ್ನು ಸೊಂಟಕ್ಕೇರಿಸಿಕೊಂಡ ಬಳೆಗಾರ್ತಿಯೊಬ್ಬಳು ಬಂದು, "ಯವ್ವಾ, ಕೂಸಿಗೆ ಒಂದೀಟು ಅಂಬ್ಲಿ ಕೊಡು" ಎಂದಳು. ಕೆಂಚವ್ವ ಗೋಡೆಯ ಕಡೆ ನೋಡಿದಳು. "ಒಲಿ ಹಚ್ಚಿದ್ರ ಗ್ವಾಡಿ ಕೆಡತೈತಿ. ಮುಂದಿನ ಊರಾಗ ಕೇಳು, ಹೋಗು" ಎಂದುಬಿಟ್ಟಳು. ಬಳೆಗಾರ್ತಿ ಅಳುವ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನಡೆದಳು.

ಮರುದಿನ ಬೀಗರಾಗಬೇಕಾದವರ ಗಾಡಿ ಬಂತು. ಬಂದದ್ದು ನಿಲ್ಲದೆ ಮುಂದೆ ಹೋಯಿತು! ಕೆಂಚವ್ವ ಸೆರಗು ಬಿಗಿದು ಹಿಂದೆ ಓಡಿ ಕೂಗಿದಳು. ಗಾಡಿಯಲ್ಲಿದ್ದ ವರನ ಅಜ್ಜಿ ಸೋಮಕ್ಕ, "ನಾವು ಕರೀ ಗ್ವಾಡಿ ಮನಿ ಹುಡುಕಾಕತ್ತೀವವ್ವಾ. ಬರಗಾಲದಾಗ, ನಾ ಸಣ್ಣಾಕಿದ್ದಾಗ, ಆ ಒಲಿ ಅಂಬ್ಲಿ ಕುಡದು ಬದುಕೀನಿ. ಆ ಮನಿ ಹೆಣ್ಣ ಬೇಕಂತ ಹಟ ಹಿಡದು ಬಂದೀನಿ" ಎಂದಳು. ಇದೇ ಆ ಮನೆ ಎಂದು ಕೆಂಚವ್ವ ಸುಣ್ಣ ತಿಂದ ಕೈಗಳನ್ನು ತೋರಿಸಿದಳು. ಮುದುಕಿ ಇಳಿದು ಬಂದು ಒಲೆಯೊಳಗೆ ಕೈಯಿಟ್ಟು ನೋಡಿದಳು. "ತಣ್ಣಗೈತಲ್ಲವ್ವಾ. ಹಸದವರು ಯಾರೂ ಬರ್ಲಿಲ್ಲೇನು?" ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು ಕೆಂಚವ್ವನಿಗೆ. ಬಳೆಗಾರ್ತಿಯ ಸಂಗತಿಯನ್ನು ಮುಚ್ಚಿಡದೆ ಹೇಳಿದಳು. ಸೋಮಕ್ಕ ಬೈಯಲಿಲ್ಲ. "ಗ್ವಾಡಿ ಕರ್ರಗಾಗ್ಲಿ, ಬರ್ತೀವಿ" ಎಂದು ಗಾಡಿ ಹತ್ತಿದಳು.

ಗಾಡಿ ಮರೆಯಾಗುತ್ತಲೇ ಕೆಂಚವ್ವ ಗಡಿಗೆ ತಳದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಗೋಡೆಗೆ ಬಳಿಯಹೋದಳಂತೆ. ಬಂಗಾರವ್ವ ಕೈ ಹಿಡಿದಳು. "ಯವ್ವಾ, ಮತ್ತ ಬಳೀತಿಯೇನು? ಒಲಿ ಹಚ್ಚು." ಹೆತ್ತ ಮಗಳೆದುರು ತಲೆ ತಗ್ಗಿಸಿ ಆಕೆ ಒಲೆ ಹಚ್ಚಿದಳು. ಆಮೇಲೆ ಅದು ಆರಲಿಲ್ಲ. ಉಣ್ಣಲು ಬಂದವರಿಗೆಲ್ಲ ತನ್ನ ತಪ್ಪನ್ನು ತಾನೇ ಹೇಳುತ್ತಿದ್ದುದರಿಂದ ಹೆಸರೂ ಹಾಗೆಯೇ ಅಂಟಿಕೊಂಡಿತು. ಗೋಡೆ ಕರ್ರಗಾದ ವರ್ಷ ಸೋಮಕ್ಕ ಮಾತಿಗೆ ತಪ್ಪದೆ ಬಂದು ಬಂಗಾರವ್ವನನ್ನು ಮನೆ ತುಂಬಿಸಿಕೊಂಡಳು. ಆದರೂ ಕೆಂಚವ್ವ ಅಂಗೈಯಗಲ ಜಾಗವನ್ನು ಮಾತ್ರ ದಿನಾ ಒರೆಸಿ ಸುಣ್ಣ ಹಚ್ಚುತ್ತಿದ್ದಳು. ಯಾಕೆಂದು ಅಳಿಯ ಕೇಳಿದಾಗ, "ಆ ಬಳಿಗಾರ್ತಿ ತಿರುಗಿ ಬಂದ್ರ, ತನ್ನ ಹೊಳ್ಳಿ ಕಳಿಸಿದಾಕಿ ಇಕೀನ ಅಂತ ಗುರ್ತು ಸಿಗಬೇಕಪ್ಪಾ" ಎಂದಳು. ಬಳೆಗಾರ್ತಿ ಬರಲೇ ಇಲ್ಲ.

ಇಂದಿಗೂ ಊರವರು ಪಾಳಿಯ ಮೇಲೆ ಒಲೆ ಉರಿಸುತ್ತಾರೆ, ಆ ಬಿಳುಪಿನ ಮೇಲೆ ಕೂತ ಮಸಿ ಒರೆಸಿ ಸುಣ್ಣ ಹಚ್ಚುತ್ತಾರೆ. ಬಂದ ತಾಯಂದಿರು ಮಸಿಯನ್ನು ಬೆರಳಿಗೆ ತೆಗೆದು ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಾರೆ. ಮೊದಲ ಬಟ್ಟಲು ಅಂಬಲಿ ಬಿಳಿ ಗುರುತಿನ ಕೆಳಗಿರುತ್ತದೆ. ಕೂಸೆತ್ತಿಕೊಂಡು ಯಾವ ಹೆಂಗಸು ಬಂದರೂ ಅದು ಅವಳದು. ಯಾರೂ ಬಾರದ ದಿನ ಸಂಜೆಗೆ ಅದನ್ನು ಚೆಲ್ಲಬೇಕಾಗುತ್ತದೆ. ಚೆಲ್ಲುವವರು ಆಗ ಗೋಡೆಯ ಕಡೆ ತಲೆಯೆತ್ತಿ ನೋಡುವುದಿಲ್ಲ.